ಪೆಟ್ಟಿಗೆಯ ಬೆನ್ನಿನ ಬರಹ: ಅಗ್ಗದ ಟಿವಿಗಳ ಮಾದರಿ ಸಂಖ್ಯೆಯ ಚರಿತ್ರೆ

ಕಡಿಮೆ ಬೆಲೆಯ ಯಾವುದೇ ಟಿವಿಯ ಹಿಂಬದಿಯಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿ ಹತ್ತರಿಂದ ಹದಿನೈದು ಅಕ್ಷರ ಮತ್ತು ಅಂಕಿಗಳ ಒಂದು ಸರಣಿಯಿದ್ದು, ಅಂಗಡಿಯವರು ಅದನ್ನು ಮಾಡೆಲ್ ನಂಬರ್ ಎಂದು ಕರೆಯುತ್ತಾರೆ. ಕೊಳ್ಳುವವರು ಸಾಮಾನ್ಯವಾಗಿ ಅದರತ್ತ ಕಣ್ಣು ಹಾಯಿಸುವುದಿಲ್ಲ, ಹಾಯಿಸಿದರೂ ಅದು ಕಾರ್ಖಾನೆಯವರ ಒಳಗುಟ್ಟು ಎಂದು ಬಿಟ್ಟುಬಿಡುತ್ತಾರೆ. ಆದರೆ ಆ ಸರಣಿಯಲ್ಲಿ ಪರದೆಯ ಅಳತೆ, ತಯಾರಿಕೆಯ ವರ್ಷ, ಮಾರಾಟವಾಗಬೇಕಾದ ದೇಶ ಮುಂತಾದ ಸಂಗತಿಗಳು ಅಡಕವಾಗಿರುತ್ತವೆ; ಅದರ ರೂಪವನ್ನು ನಿರ್ಧರಿಸುವಲ್ಲಿ ತಂತ್ರಜ್ಞಾನಕ್ಕೆ ಎಷ್ಟು ಪಾಲಿದೆಯೋ ತೆರಿಗೆ, ಅಳತೆ ಕಾನೂನು ಮತ್ತು ಅಂಗಡಿಗಳ ಪೈಪೋಟಿಗೂ ಅಷ್ಟೇ ಪಾಲಿದೆ. ಆರಂಭದಲ್ಲಿ ತಯಾರಕನಿಗೂ ರಿಪೇರಿ ಮಾಡುವವನಿಗೂ ನೆರವಾಗಲೆಂದು ಹುಟ್ಟಿದ ಈ ಗುರುತು ಕ್ರಮೇಣ ವ್ಯಾಪಾರಿಯ ಸಲಕರಣೆಯಾಗಿ ಮಾರ್ಪಟ್ಟಿತು, ಮತ್ತು ಈ ಪಲ್ಲಟ ದುಬಾರಿ ಟಿವಿಗಳಿಗಿಂತ ಅಗ್ಗದ ಟಿವಿಗಳಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣಿಸುತ್ತದೆ.

ಭಾರತದಲ್ಲಿ ಟಿವಿ ಪ್ರಸಾರ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗವಾಗಿ ಆರಂಭವಾಯಿತು. ಮುಂಬಯಿಗೆ ಅದು ತಲುಪಿದ್ದು 1972ರಲ್ಲಿ, ಕೋಲ್ಕತ್ತ ಮತ್ತು ಚೆನ್ನೈಗೆ 1975ರಲ್ಲಿ. ನೋಡುಗರೇ ವಿರಳವಾಗಿದ್ದ ಆ ಕಾಲದಲ್ಲಿ ಮಾದರಿಗಳ ಗೊಂದಲ ಹುಟ್ಟುವ ಸಂಭವವೇ ಇರಲಿಲ್ಲ. ಆದರೂ ಅಗ್ಗವಾಗಿಯೂ ಗಟ್ಟಿಯಾಗಿಯೂ ಸೆಟ್‌ಗಳನ್ನು ತಯಾರಿಸಬೇಕೆಂಬ ಯತ್ನ ಆಗಲೇ ನಡೆದಿತ್ತು, ಮತ್ತು ಅದರ ಒಂದು ಮುಖ್ಯ ಅಧ್ಯಾಯ ಕರ್ನಾಟಕಕ್ಕೆ ಸೇರಿದ್ದು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ನಡೆದ, ಸೈಟ್ ಎಂದು ಹೆಸರಾದ ಬೋಧನಾ ಪ್ರಸಾರದ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಸೇರಿದ್ದವು. ಅವುಗಳಲ್ಲಿ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ ದುಂಡನೆಯ ಆಂಟೆನಾವನ್ನು ಜೋಡಿಸಿಕೊಂಡು ನೇರವಾಗಿ ಉಪಗ್ರಹದಿಂದಲೇ ಸಂಕೇತ ಹಿಡಿಯುತ್ತಿದ್ದ ಆ ಸೆಟ್‌ಗಳನ್ನು ಹೈದರಾಬಾದಿನ ಸರ್ಕಾರಿ ಸಂಸ್ಥೆಯಾದ ಇಸಿಐಎಲ್ ತಯಾರಿಸಿತು. ಊರಿನವರೆಲ್ಲ ಒಟ್ಟಿಗೆ ಕುಳಿತು ನೋಡುವ ಸಾರ್ವಜನಿಕ ಸೆಟ್ ಆಗಿದ್ದುದರಿಂದ ಅದನ್ನು ಕೊಳ್ಳುವವನು ಸರ್ಕಾರ, ಬಳಸುವವನು ಗ್ರಾಮಸ್ಥ, ದುರಸ್ತಿ ಮಾಡುವವನು ಯೋಜನೆಯ ತಂತ್ರಜ್ಞ. ಇಂಥ ವ್ಯವಸ್ಥೆಯಲ್ಲಿ ಸೆಟ್ಟಿನ ಮೇಲಿನ ಸಂಖ್ಯೆಗೆ ಬಿಡಿಭಾಗ ತರಿಸುವುದರ ಹೊರತು ಬೇರೆ ಕೆಲಸವಿರಲಿಲ್ಲ.

ಪಿಕ್ಚರ್ ಟ್ಯೂಬ್ ಕಾಲದ ಟಿವಿಯಲ್ಲಿ ನಿಜವಾದ ಮಾಹಿತಿ ಇರುತ್ತಿದ್ದುದು ಸೆಟ್ಟಿನ ಸಂಖ್ಯೆಯಲ್ಲಿ ಅಲ್ಲ, ಟ್ಯೂಬಿನ ಸಂಖ್ಯೆಯಲ್ಲಿ. ಪಿಕ್ಚರ್ ಟ್ಯೂಬ್ ಎಂದರೆ ಗಾಳಿ ತೆಗೆದ ಗಾಜಿನ ದೊಡ್ಡ ಬುರುಡೆ. ಅದರ ಕತ್ತಿನ ತುದಿಯಿಂದ ಹೊಮ್ಮುವ ಎಲೆಕ್ಟ್ರಾನ್ ಕಿರಣ ಮುಂಭಾಗದ ಒಳಮೈಗೆ ಲೇಪಿಸಿದ ರಾಸಾಯನಿಕವನ್ನು ಬೆಳಗಿಸಿ ಚಿತ್ರವನ್ನು ಮೂಡಿಸುತ್ತದೆ. ಯುರೋಪಿನ ಪದ್ಧತಿಯಂತೆ ಟ್ಯೂಬಿನ ಸಂಖ್ಯೆ ಎ ಎಂಬ ಅಕ್ಷರದಿಂದ ಆರಂಭವಾಗಿ, ಅದರ ಮುಂದೆ ಕರ್ಣದ ಅಳತೆಯನ್ನು ಸೆಂಟಿಮೀಟರಿನಲ್ಲಿ ಹೇಳಿ, ಕಪ್ಪುಬಿಳುಪಾದರೆ ಡಬ್ಲ್ಯು ಎಂದೂ ಬಣ್ಣವಾದರೆ ಎಕ್ಸ್ ಎಂದೂ ಗುರುತು ಹೊಂದಿರುತ್ತಿತ್ತು. ಅಮೆರಿಕದ ಪದ್ಧತಿಯಲ್ಲಿ ಅದೇ ಕೆಲಸವನ್ನು ಲೇಪನದ ಸಂಕೇತಗಳಾದ ಪಿ4 ಮತ್ತು ಪಿ22 ಮಾಡುತ್ತಿದ್ದವು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1970ರಲ್ಲಿ ಕಪ್ಪುಬಿಳುಪು ಪಿಕ್ಚರ್ ಟ್ಯೂಬುಗಳ ತಯಾರಿಕೆಯನ್ನೂ 1972ರಲ್ಲಿ ದೂರದರ್ಶನಕ್ಕಾಗಿ ಟ್ರಾನ್ಸ್‌ಮಿಟರ್‌ಗಳ ತಯಾರಿಕೆಯನ್ನೂ ಕೈಗೆತ್ತಿಕೊಂಡಿತು. ಹೀಗೆ ಒಂದೇ ಕಡೆಯ ಟ್ಯೂಬು ಹಲವು ಹೆಸರಿನ ಸೆಟ್‌ಗಳ ಒಡಲಿಗೆ ಸೇರುವಂತಾಗಿ, ಹೊರಗಿನ ಹೆಸರು ಬೇರೆ, ಒಳಗಿನ ವಸ್ತು ಒಂದೇ ಎಂಬ ಇಂದಿನ ಸ್ಥಿತಿಯ ಬೀಜ ಅಂದೇ ಬಿದ್ದಿತ್ತು.

ಟಿವಿ ತಯಾರಿಕೆಗೆ ಪರವಾನಗಿ ಬೇಕಾಗಿದ್ದ ಆ ದಶಕಗಳಲ್ಲಿ ರಾಜ್ಯ ಸರ್ಕಾರಗಳ ಎಲೆಕ್ಟ್ರಾನಿಕ್ಸ್ ನಿಗಮಗಳು ಮತ್ತು ಮಧ್ಯಮ ಗಾತ್ರದ ಖಾಸಗಿ ಕಂಪನಿಗಳು ಮಾರುಕಟ್ಟೆಯನ್ನು ಹಂಚಿಕೊಂಡಿದ್ದವು: ಕೇರಳದ ಕೆಲ್ಟ್ರಾನ್, ಉತ್ತರ ಪ್ರದೇಶದ ಅಪ್ಟ್ರಾನ್, ಚೆನ್ನೈನ ಡಯನೋರಾ ಮತ್ತು ಸಾಲಿಡೇರ್, ಉತ್ತರದ ವೆಸ್ಟನ್, ಟೆಲಿವಿಸ್ಟಾ, ಕ್ರೌನ್. ಮರದ ಕ್ಯಾಬಿನೆಟ್, ಎಳೆದು ಮುಚ್ಚುವ ಬಾಗಿಲು, ಕೆಳಗೆ ನಾಲ್ಕು ಕಾಲುಗಳಿದ್ದ 20 ಇಂಚಿನ ಸೆಟ್ ಮನೆಯ ಪ್ರತಿಷ್ಠೆಯಾಗಿದ್ದರೆ, ಪ್ಲಾಸ್ಟಿಕ್ ಒಡಲಿನ 14 ಇಂಚಿನ ಪೋರ್ಟಬಲ್ ಸೆಟ್ ಕಡಿಮೆ ಆದಾಯದವರ ಆಯ್ಕೆಯಾಗಿತ್ತು. ಅಗ್ಗದ ಟಿವಿ ಎಂದರೆ ಚಿಕ್ಕ ಟಿವಿ. ಅದರಾಚೆಗೆ ವಿವರಪಟ್ಟಿ ಎಂಬುದೇ ಬಹುಮಟ್ಟಿಗೆ ಇರಲಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಗಳು ಬೆಳೆದಂತೆ ಟ್ಯೂಬು, ಟ್ಯೂನರ್, ಕಿಟ್ ಮತ್ತು ಕ್ಯಾಬಿನೆಟ್ಟುಗಳನ್ನು ಬೇರೆಬೇರೆಯಾಗಿ ಕೊಂಡು ಜೋಡಿಸುವ ಅಸೆಂಬಲ್ಡ್ ಸೆಟ್ಟುಗಳೂ ಬಂದವು. ಅವುಗಳಿಗೆ ಮಾದರಿ ಸಂಖ್ಯೆಯೇ ಇರಲಿಲ್ಲ, ಜೋಡಿಸಿದ ಮೆಕ್ಯಾನಿಕ್‌ನ ಮಾತೇ ಗ್ಯಾರಂಟಿ. ಕುತೂಹಲದ ಸಂಗತಿಯೆಂದರೆ, ಸಂಖ್ಯೆಯಿಲ್ಲದ ಆ ಸೆಟ್ಟಿನ ಒಳಗೆ ಏನಿದೆ ಎಂಬುದು ಇಂದಿನ ಸಂಖ್ಯೆಯುಳ್ಳ ಸೆಟ್ಟಿನ ಒಳಗಿಗಿಂತ ಕೊಳ್ಳುವವನಿಗೆ ಹೆಚ್ಚು ಖಚಿತವಾಗಿ ತಿಳಿದಿರುತ್ತಿತ್ತು.

1982ರ ಆಗಸ್ಟ್ 15ರಂದು ಬಣ್ಣದ ಪ್ರಸಾರ ಆರಂಭವಾಗಿ ಅದೇ ವರ್ಷದ ನವೆಂಬರಿನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ ನಡೆದ ಮೇಲೆ ಚಿತ್ರ ಬದಲಾಯಿತು. ಒನಿಡಾ, ವಿಡಿಯೋಕಾನ್, ಮತ್ತು ಪಾಲಕ್ಕಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಯೂರಿದ ಬಿಪಿಎಲ್ ಕಂಪನಿಗಳು ಜಾಹೀರಾತಿನ ಬಲದಿಂದ ಬೆಳೆದವು. ಆಗ ಜನರ ಬಾಯಲ್ಲಿ ಉಳಿದದ್ದು ಸಂಖ್ಯೆಗಳಲ್ಲ, ಒನಿಡಾ ಕೆವೈ ಥಂಡರ್, ವಿಡಿಯೋಕಾನ್ ಬಜೂಂಬಾ ಎಂಬಂಥ ಹೆಸರುಗಳು. 1990ರ ದಶಕದಲ್ಲಿ ಕೇಬಲ್ ಬಂದು, 1994ರಲ್ಲಿ ಕನ್ನಡದ ಉದಯ ಟಿವಿಯೂ ಆರಂಭವಾದಾಗ, ಟಿವಿಯ ಗುಣವನ್ನು ಅಳೆಯುವ ಮೊದಲ ಅಂಕಿ ಹುಟ್ಟಿತು. ಅದು ಎಷ್ಟು ಚಾನೆಲ್‌ಗಳನ್ನು ಹಿಡಿಯಬಲ್ಲದು ಎಂಬ ಲೆಕ್ಕ. ದೂರದರ್ಶನಕ್ಕೆಂದೇ ಮಾಡಿದ ಎಂಟು ಅಥವಾ ಹನ್ನೆರಡು ಚಾನೆಲ್‌ಗಳ ಹಳೆಯ ಟ್ಯೂನರ್‌ಗಳಿಗೆ ಕೇಬಲ್‌ನವರು ಬಳಸುತ್ತಿದ್ದ ನಡುವಿನ ತರಂಗಪಟ್ಟಿಗಳು ನಿಲುಕುತ್ತಿರಲಿಲ್ಲವಾದ್ದರಿಂದ, ನೂರು ಚಾನೆಲ್ ಎಂಬ ಬರಹ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಕಾಣಿಸಿಕೊಂಡಿತು. ಈ ಅಂಕಿಗೆ ಅರ್ಥವಾದರೂ ಇತ್ತು. ಅದರ ಬೆನ್ನಲ್ಲೇ ಬಂದ ಪಿಎಂಪಿಒ ಎಂಬ ಧ್ವನಿಯ ವಾಟ್ ಲೆಕ್ಕಕ್ಕೆ ಆ ಮಾನವೂ ಇರಲಿಲ್ಲ. ಸ್ಪೀಕರ್ ಒಂದು ಕ್ಷಣದ ಮಟ್ಟಿಗೆ ತಾಳಬಹುದಾದ ಗರಿಷ್ಠ ಶಕ್ತಿಯನ್ನು ಅದು ನಿತ್ಯ ಬಳಕೆಯ ಶಕ್ತಿಯೆಂಬಂತೆ ತೋರಿಸುತ್ತಿತ್ತು. ಅಗ್ಗದ ಟಿವಿಯ ವಿವರಪಟ್ಟಿಯಲ್ಲಿ ಉತ್ಪ್ರೇಕ್ಷೆಯ ಪರಂಪರೆ ಶುರುವಾದದ್ದು ಇಲ್ಲಿಂದ ಎನ್ನಬಹುದು.

ಅಳತೆಯಲ್ಲಿಯೂ ಒಂದು ಮೃದುವಾದ ಸುಳ್ಳು ರೂಢಿಯಲ್ಲಿತ್ತು. 21 ಇಂಚಿನದೆಂದು ಮಾರುತ್ತಿದ್ದ ಬಣ್ಣದ ಸೆಟ್ಟಿನಲ್ಲಿ 21 ಇಂಚು ಇದ್ದುದು ಟ್ಯೂಬಿನ ಗಾಜಿನ ಪೂರ್ತಿ ಕರ್ಣಕ್ಕೆ. ಅಂಚುಗಳು ಕ್ಯಾಬಿನೆಟ್ಟಿನೊಳಗೆ ಹುದುಗಿ ಕಣ್ಣಿಗೆ ಕಾಣುತ್ತಿದ್ದ ಚಿತ್ರ ಸುಮಾರು 51 ಸೆಂಟಿಮೀಟರ್, ಅಂದರೆ 20 ಇಂಚು ಮಾತ್ರ. ಟ್ಯೂಬಿನ ಸಂಖ್ಯೆಯಲ್ಲಿ 51 ಎಂದು ನಿಜವನ್ನೇ ಬರೆದಿರುತ್ತಿತ್ತು, ಆದರೆ ಅದನ್ನು ಓದಬೇಕಾದರೆ ಹಿಂಬದಿಯ ಮುಚ್ಚಳ ಬಿಚ್ಚಬೇಕಿತ್ತು.

1995ರಲ್ಲಿ ಸ್ಯಾಮ್‌ಸಂಗ್ ಮತ್ತು 1997ರಲ್ಲಿ ಎಲ್‌ಜಿ ಭಾರತಕ್ಕೆ ಬಂದ ಮೇಲೆ ಅಗ್ಗದ ಟಿವಿ ಚಿಕ್ಕದಾಗಿಯೇ ಇರಬೇಕೆಂಬ ನಿಯಮ ಸಡಿಲವಾಯಿತು. ಎಲ್‌ಜಿ 1998ರಲ್ಲಿ ಗ್ರಾಮೀಣ ಮಾರುಕಟ್ಟೆಗಾಗಿ ಸಂಪೂರ್ಣ ಎಂಬ ಭಾರತೀಯ ಹೆಸರಿನ ಟಿವಿಯನ್ನು ತಂದು, ಪರದೆಯ ಮೇಲಿನ ಸೂಚನೆಗಳನ್ನು ಭಾರತೀಯ ಭಾಷೆಯಲ್ಲಿ ತೋರಿಸಿತು. ಇದು ಸೌಲಭ್ಯಗಳನ್ನು ಸುಮ್ಮನೆ ಕತ್ತರಿಸಿ ಅಗ್ಗ ಮಾಡಿದ ಸರಕಲ್ಲ. ಯಾರಿಗಾಗಿ ಎಂದು ಯೋಚಿಸಿ ಮಾಡಿದ ಸರಕು. ಆ ಬಗೆಯ ಯೋಚನೆ ನಂತರದ ವರ್ಷಗಳಲ್ಲಿ ಮುಂದುವರಿದಿದ್ದರೆ ಮಾದರಿಗಳ ಸಂಖ್ಯೆ ಇಷ್ಟು ಹಿಗ್ಗುತ್ತಿರಲಿಲ್ಲವೇನೋ.

ಟ್ಯೂಬಿನ ಜಾಗಕ್ಕೆ ಚಪ್ಪಟೆ ಪರದೆ ಬಂದದ್ದು ಈ ಇತಿಹಾಸದ ದೊಡ್ಡ ತಿರುವು. ಎಲ್‌ಸಿಡಿ ಪರದೆಯಲ್ಲಿ ಎರಡು ತೆಳುಗಾಜುಗಳ ನಡುವಿನ ದ್ರವಸ್ಫಟಿಕ ಹಿಂಬದಿಯ ಬೆಳಕನ್ನು ತಡೆದು ಅಥವಾ ಬಿಟ್ಟು ಚಿತ್ರವನ್ನು ರೂಪಿಸುತ್ತದೆ. ಆ ಹಿಂಬೆಳಕು ಮೊದಲು ಸಣ್ಣ ಟ್ಯೂಬ್‌ಲೈಟುಗಳಿಂದ ಬರುತ್ತಿದ್ದು, ಬಳಿಕ ಎಲ್‌ಇಡಿ ದೀಪಗಳಿಂದ ಬರತೊಡಗಿತು. ದೀಪ ಬದಲಾದದ್ದನ್ನೇ ಪರದೆ ಬದಲಾಯಿತೆಂಬಂತೆ ಬಿಂಬಿಸಿ 2009ರ ಸುಮಾರಿಗೆ ಎಲ್‌ಇಡಿ ಟಿವಿ ಎಂಬ ಹೆಸರನ್ನು ಚಾಲ್ತಿಗೆ ತರಲಾಯಿತು. ಇಂದಿನ ಅಗ್ಗದ ಎಲ್‌ಇಡಿ ಟಿವಿಗಳೆಲ್ಲವೂ ಎಲ್‌ಸಿಡಿ ಟಿವಿಗಳೇ. ಪರದೆಗಳನ್ನು ತಯಾರಿಸುವುದು ಕೆಲವೇ ದೇಶಗಳ ಬೃಹತ್ ಕಾರ್ಖಾನೆಗಳಲ್ಲಿ. ಅಲ್ಲಿ 2.2 ಮೀಟರ್ ಅಗಲ, 2.5 ಮೀಟರ್ ಉದ್ದದ ಒಂದೇ ಗಾಜಿನ ಹಾಳೆಯಿಂದ 55 ಇಂಚಿನ ಆರು ಪರದೆಗಳನ್ನೋ 32 ಇಂಚಿನ ಹದಿನೆಂಟು ಪರದೆಗಳನ್ನೋ ಹೆಚ್ಚು ಚೂರು ಉಳಿಯದಂತೆ ಕತ್ತರಿಸಬಹುದು. ಅಂಗಡಿಗಳಲ್ಲಿ ಎಲ್ಲೆಲ್ಲೂ 32 ಮತ್ತು 55 ಇಂಚಿನವೇ ಕಾಣಿಸುವುದಕ್ಕೆ ನೋಡುಗರ ಅಭಿರುಚಿಗಿಂತ ಈ ಕತ್ತರಿಯ ಲೆಕ್ಕವೇ ಹೆಚ್ಚು ಕಾರಣ.

ಚಪ್ಪಟೆ ಪರದೆಯ ಕಾಲದಲ್ಲಿಯೇ ಮಾದರಿ ಸಂಖ್ಯೆ ಒಂದು ಸಂಕೇತ ಭಾಷೆಯಾಗಿ ಬಲಿಯಿತು. ಸ್ಯಾಮ್‌ಸಂಗ್‌ನ ಯುಎ32ಟಿ4340ಎಕೆಎಕ್ಸ್‌ಎಕ್ಸ್‌ಎಲ್ ಎಂಬ ಸರಣಿಯನ್ನು ಬಿಡಿಸಿದರೆ, ಯು ಎಂಬುದು ಎಲ್‌ಇಡಿ ಹಿಂಬೆಳಕನ್ನೂ ಎ ಎಂಬುದು ಏಷ್ಯಾದ ಮಾರುಕಟ್ಟೆಯನ್ನೂ ಸೂಚಿಸುತ್ತವೆ. ಯುರೋಪಿಗೆ ಹೋಗುವ ಸೆಟ್ ಯುಇ, ಉತ್ತರ ಅಮೆರಿಕಕ್ಕೆ ಹೋಗುವುದು ಯುಎನ್. ಮುಂದಿನ 32 ಪರದೆಯ ಅಳತೆ, ಟಿ 2020ನೆಯ ವರ್ಷ, 4 ಎಂಬುದು ಎಚ್‌ಡಿ ದರ್ಜೆಯ ಕೆಳಸರಣಿ. ಕೊನೆಯ ಎಕ್ಸ್‌ಎಕ್ಸ್‌ಎಲ್ ಭಾರತದ ಗುರುತು. ವರ್ಷದ ಅಕ್ಷರಗಳು 2010ರಲ್ಲಿ ಸಿ ಯಿಂದ ಹೊರಟು ಡಿ, ಇ, ಎಫ್, ಎಚ್, ಜೆ, ಕೆ, ಎಂ, ಎನ್, ಆರ್, ಟಿ ಎಂದು ನಡುನಡುವೆ ಅಕ್ಷರಗಳನ್ನು ಹಾರಿಸುತ್ತ ಸಾಗಿ, 2021ರಲ್ಲಿ ಮತ್ತೆ ಎ ಗೆ ಬಂದವು. ಹೀಗಾಗಿ 2023ರಲ್ಲಿ ಸಿ ಅಕ್ಷರ ಎರಡನೆಯ ಬಾರಿ ಕಾಣಿಸಿಕೊಂಡಿತು. ಎಲ್‌ಜಿಯಲ್ಲಿ ಅಳತೆ ಮೊದಲು ಬಂದು, ಆಮೇಲೆ ಸಾಮಾನ್ಯ ದರ್ಜೆಗೆ ಎಲ್, 4ಕೆ ದರ್ಜೆಗೆ ಯು, ಅದರ ಪಕ್ಕದಲ್ಲಿ ವರ್ಷದ ಅಕ್ಷರ ಬರುತ್ತದೆ: 2018ಕ್ಕೆ ಕೆ, 2019ಕ್ಕೆ ಎಂ, 2020ಕ್ಕೆ ಎನ್. ಆದರೆ ಎಲ್‌ಎಂ ಎಂಬ ಜೋಡಿಯನ್ನು ಇದೇ ಕಂಪನಿ 2012ರಲ್ಲಿಯೂ ಬಳಸಿತ್ತಾದ್ದರಿಂದ, ಹಳೆಯ ಸೆಟ್‌ಗಳ ಮಾರುಕಟ್ಟೆಯಲ್ಲಿ ಅಕ್ಷರವನ್ನಷ್ಟೇ ನೋಡಿ ವಯಸ್ಸು ಹೇಳಹೋದರೆ ಏಳು ವರ್ಷ ತಪ್ಪಬಹುದು. ಸೋನಿಯಲ್ಲಿ ವರ್ಷದ ಅಕ್ಷರ ಸಂಖ್ಯೆಯ ಕೊನೆಗೆ ಬರುತ್ತದೆ. ಕೆಎಲ್‌ವಿ-32ಆರ್302ಡಿ 2016ರದು, ಅದೇ ಸಂಖ್ಯೆ ಎಫ್ ನಿಂದ ಮುಗಿದರೆ 2018ರದು. ಅಳತೆಯನ್ನು ಸಂಖ್ಯೆಯೊಳಗೆ ಸೇರಿಸುವ ಅಭ್ಯಾಸ ಈ ಕಂಪನಿಯಲ್ಲಿ ಹಳೆಯದು. 1968ರ ಮೊದಲ ಟ್ರಿನಿಟ್ರಾನ್ ಟಿವಿಯ ಸಂಖ್ಯೆ ಕೆವಿ-1310 ಆಗಿದ್ದು, ಅದರ 13 ಪರದೆಯ ಇಂಚುಗಳನ್ನು ಹೇಳುತ್ತಿತ್ತು.

ಈ ಭಾಷೆ ಕಲಿತವರಿಗೆ ಅಗ್ಗದ ಸರಣಿಗಳ ಒಂದು ಗುಟ್ಟು ಗೋಚರಿಸುತ್ತದೆ. ವರ್ಷದ ಅಕ್ಷರ ಬದಲಾಗುತ್ತದೆ, ಮುಂದಿನ ಅಂಕಿಗಳು ಹಾಗೆಯೇ ಉಳಿಯುತ್ತವೆ. ಕೆಲವೊಮ್ಮೆ ಟಿವಿಯೂ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ, ಕೆಲವೊಮ್ಮೆ ಒಂದು ಎಚ್‌ಡಿಎಂಐ ಅಥವಾ ಯುಎಸ್‌ಬಿ ಕಿಂಡಿ ಮಾಯವಾಗಿರುತ್ತದೆ. ದುಬಾರಿ ಟಿವಿಯಲ್ಲಿ ಹೊಸ ಅಕ್ಷರದೊಂದಿಗೆ ಹೊಸ ಸೌಲಭ್ಯ ಬಂದು ಬೆಲೆ ಏರುತ್ತದೆ. ಅಗ್ಗದ ಟಿವಿಯಲ್ಲಿ ಬೆಲೆ ಏರುವಂತಿಲ್ಲವಾದ್ದರಿಂದ ಬಿಡಿಭಾಗಗಳ ದರ ಏರಿದಾಗ ಒಳಗಿನದು ಕುಗ್ಗಬೇಕಾಗುತ್ತದೆ, ಮತ್ತು ಆ ಕುಗ್ಗುವಿಕೆಯನ್ನು ಹೇಳದೆಯೇ ಹೇಳುವುದು ಕೊನೆಯ ಒಂದೆರಡು ಅಕ್ಷರಗಳು.

ಕಾನೂನು ಈ ಸಂಖ್ಯೆಗಳ ಮೇಲೆ ಒತ್ತಿದ ಮುದ್ರೆಯೂ ಕಡಿಮೆಯದಲ್ಲ. ಸರಕಿನ ಅಳತೆಯನ್ನು ಮೆಟ್ರಿಕ್ ಮಾನದಲ್ಲಿಯೇ ಹೇಳಬೇಕೆಂಬ ಭಾರತೀಯ ಕಾಯಿದೆಯಿಂದಾಗಿ ಜಾಹೀರಾತಿನಲ್ಲಿ 80 ಸೆಂಟಿಮೀಟರ್ ಎಂದು ಮೊದಲು ಬರೆದು ಇಂಚನ್ನು ಪಕ್ಕಕ್ಕೆ ಸೇರಿಸುವ ಪದ್ಧತಿ ಬೆಳೆಯಿತು. 32 ಇಂಚು ಎಂದರೆ ಲೆಕ್ಕದಂತೆ 81.28 ಸೆಂಟಿಮೀಟರ್ ಆಗಬೇಕು. ಆದರೆ ಪರದೆ ನಿಜಕ್ಕೂ ಇರುವುದು 31.5 ಇಂಚು. ಹಾಗೆಯೇ 43 ಇಂಚಿನದೆನ್ನುವ ಟಿವಿ 108 ಸೆಂಟಿಮೀಟರ್, ಅಂದರೆ 42.5 ಇಂಚು. ಟ್ಯೂಬಿನ ಕಾಲದ ಸುಳ್ಳು ಹೀಗೆ ಅರ್ಧ ಇಂಚಿಗೆ ಇಳಿದು ಉಳಿದುಕೊಂಡಿದೆ, ಮತ್ತು ಇಂಚು ಮರೆಮಾಡಿದ್ದನ್ನು ಪಕ್ಕದ ಸೆಂಟಿಮೀಟರೇ ಬಯಲುಮಾಡುತ್ತದೆ. 2012ರ ಕಡ್ಡಾಯ ನೋಂದಣಿ ಆದೇಶದಂತೆ 32 ಇಂಚು ಮತ್ತು ಮೇಲ್ಪಟ್ಟ ಚಪ್ಪಟೆ ಟಿವಿಗಳು ಭಾರತೀಯ ಮಾನಕ ಬ್ಯೂರೋದಲ್ಲಿ ಸುರಕ್ಷತೆಯ ಮಾನಕಕ್ಕೆ ಅನುಗುಣವಾಗಿ ನೋಂದಣಿ ಪಡೆಯಬೇಕಾಯಿತು; ಚೀಟಿಯ ಮೇಲೆ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಆ ನೋಂದಣಿಯದು.

ತೆರಿಗೆಯ ಪ್ರಭಾವ ಇದಕ್ಕಿಂತ ನೇರವಾದುದು. ಸರಕು ಮತ್ತು ಸೇವಾ ತೆರಿಗೆಯಲ್ಲಿ ಶೇ. 28ರ ಹಂತದಲ್ಲಿದ್ದ ಟಿವಿಗಳ ಪೈಕಿ 32 ಇಂಚಿನವರೆಗಿನವು 2019ರ ಜನವರಿ 1ರಿಂದ ಶೇ. 18ಕ್ಕೆ ಇಳಿದವು, ಅದಕ್ಕಿಂತ ದೊಡ್ಡವು 2025ರ ಸೆಪ್ಟೆಂಬರ್ 22ರವರೆಗೆ ಮೇಲಿನ ಹಂತದಲ್ಲಿಯೇ ಉಳಿದವು. ಆರೂವರೆ ವರ್ಷಗಳಿಗೂ ಹೆಚ್ಚು ಕಾಲ 32 ಎಂಬ ಅಂಕಿ ತೆರಿಗೆಯ ಗಡಿಗಲ್ಲಾಗಿ ನಿಂತದ್ದರಿಂದ ಅಗ್ಗದ ಟಿವಿಯ ಪೈಪೋಟಿಯೆಲ್ಲ ಆ ಒಂದೇ ಅಳತೆಯ ಸುತ್ತ ಕಿಕ್ಕಿರಿಯಿತು. ಆಮದು ಸುಂಕದ ಏರಿಳಿತ ಇನ್ನೊಂದು ಕಡೆಯಿಂದ ಒತ್ತಿತು. ಪರದೆಯ ಮುಖ್ಯ ಭಾಗವಾದ, ಹಿಂಬೆಳಕು ಜೋಡಿಸದ ಓಪನ್ ಸೆಲ್ ಎಂಬ ಗಾಜಿನ ಫಲಕದ ಮೇಲಿನ ಸುಂಕ 2019ರ ಸೆಪ್ಟೆಂಬರಿನಲ್ಲಿ ರದ್ದಾಗಿ, 2020ರ ಅಕ್ಟೋಬರಿನಲ್ಲಿ ಶೇ. 5ರಂತೆ ಮರಳಿತು, 2020ರ ಜುಲೈ ಕೊನೆಯಲ್ಲಿ ಬಣ್ಣದ ಟಿವಿಗಳ ಆಮದಿಗೇ ಪರವಾನಗಿ ಬೇಕೆಂದು ಆದೇಶವಾಯಿತು. ಪರದೆ ಹೊರದೇಶದ್ದು, ಜೋಡಣೆ ಇಲ್ಲಿಯದು, ಹೆಸರು ಮೂರನೆಯವರದು ಎಂಬ ವ್ಯವಸ್ಥೆ ಇದರಿಂದ ಗಟ್ಟಿಯಾಯಿತು. ಡಿಕ್ಸನ್‌ನಂಥ ಗುತ್ತಿಗೆ ತಯಾರಕರು ಹಲವು ಹೆಸರುಗಳಿಗೆ ಟಿವಿ ಜೋಡಿಸಿಕೊಡುತ್ತಾರೆ. ಕ್ಯಾಮೆರಾದಿಂದ ಹೆಸರಾದ ಕೊಡಾಕ್ ಮತ್ತು ಫ್ರಾನ್ಸಿನ ಥಾಮ್ಸನ್ ಎಂಬ ಹೆಸರುಗಳನ್ನು ಸೂಪರ್ ಪ್ಲಾಸ್ಟ್ರಾನಿಕ್ಸ್ ಎಂಬ ಭಾರತೀಯ ಕಂಪನಿ ಪರವಾನಗಿ ಪಡೆದು ಬಳಸುತ್ತದೆ.

ಅಂತರ್ಜಾಲದ ವ್ಯಾಪಾರ ಬಂದ ಬಳಿಕ ಸಂಖ್ಯೆಗಳು ಕವಲೊಡೆದದ್ದಕ್ಕೆ ಇದೇ ಹಿನ್ನೆಲೆ. ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2017ರಲ್ಲಿ ಮಾರ್ಕ್ಯೂ ಎಂಬ ಸ್ವಂತ ಹೆಸರನ್ನೇ ಹುಟ್ಟುಹಾಕಿತು. 2018ರ ಮಾರ್ಚಿನಲ್ಲಿ ಶಿಯೋಮಿ ತನ್ನ 32 ಇಂಚಿನ ಮಿ ಟಿವಿ 4ಎ ಯನ್ನು 13,999 ರೂಪಾಯಿಗೆ ಮಾರಾಟಕ್ಕಿಟ್ಟಿತು. ಒಂದೇ ಟಿವಿ ಅಂತರ್ಜಾಲದಲ್ಲಿ ಒಂದು ಬೆಲೆಗೆ, ಊರಿನ ಅಂಗಡಿಯಲ್ಲಿ ಇನ್ನೊಂದು ಬೆಲೆಗೆ ಸಿಕ್ಕರೆ ಅಂಗಡಿಯವನು ಕೆರಳುತ್ತಾನೆ. ಎರಡು ಕಡೆಗೆ ಎರಡು ಸಂಖ್ಯೆ ಕೊಟ್ಟರೆ ಹೋಲಿಕೆಗೇ ಅವಕಾಶವಿಲ್ಲ. ಬೇರೆ ಅಂಗಡಿಯಲ್ಲಿ ಅದೇ ಮಾದರಿ ಅಗ್ಗವಾಗಿ ಸಿಕ್ಕರೆ ವ್ಯತ್ಯಾಸದ ಹಣ ವಾಪಸ್ ಎಂಬ ಭರವಸೆಯೂ ಅದೇ ಮಾದರಿ ಎಂಬುದು ಇಲ್ಲವಾದ ಕ್ಷಣದಲ್ಲಿ ಖರ್ಚಿಲ್ಲದ ಭರವಸೆಯಾಗುತ್ತದೆ. ಇಲ್ಲಿ ಸಂಖ್ಯೆಯ ಕೆಲಸ ವಸ್ತುವನ್ನು ಗುರುತಿಸುವುದಲ್ಲ, ಗುರುತು ಸಿಗದಂತೆ ಮಾಡುವುದು.

ವಿವರಪಟ್ಟಿಯ ಭಾಷೆಯೂ ಇದಕ್ಕೆ ಹೊಂದಿಕೊಂಡಿತು. 2005ರಲ್ಲಿ ಯುರೋಪಿನ ಉದ್ಯಮ ಒಕ್ಕೂಟ ರೂಪಿಸಿದ ಎಚ್‌ಡಿ ರೆಡಿ ಎಂಬ ಗುರುತು ಕನಿಷ್ಠ 720 ಗೆರೆಗಳ ಪರದೆಗೆ ಸಲ್ಲುತ್ತಿತ್ತು. ಭಾರತದ 32 ಇಂಚಿನ ಅಗ್ಗದ ಟಿವಿಗಳಲ್ಲಿ ಬಹುಪಾಲು ಇಂದಿಗೂ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳ ಅದೇ ದರ್ಜೆಯವು. ಫುಲ್ ಎಚ್‌ಡಿ ಎಂದರೆ 1920 ಮತ್ತು 1080, ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು ಚುಕ್ಕೆಗಳು. ಫುಲ್ ಎಚ್‌ಡಿ ಚಲನಚಿತ್ರವನ್ನು ತೋರಿಸಬಲ್ಲದು ಎಂಬ ಮಾತಿಗೂ ಪರದೆ ಫುಲ್ ಎಚ್‌ಡಿ ಎಂಬ ಮಾತಿಗೂ ಇರುವ ಅಂತರವನ್ನು ಜಾಹೀರಾತುಗಳು ಬೇಕೆಂದೇ ಮಸುಕಾಗಿಸುತ್ತವೆ. ಎಚ್‌ಡಿಆರ್ ಎಂಬ ಗುರುತಿನದೂ ಇದೇ ಕಥೆ: ಆ ಬಗೆಯ ಸಂಕೇತವನ್ನು ಟಿವಿ ಓದಬಲ್ಲದು, ಆದರೆ ಅದಕ್ಕೆ ಬೇಕಾದಷ್ಟು ಪ್ರಖರತೆ ಅಗ್ಗದ ಹಿಂಬೆಳಕಿನಲ್ಲಿ ಇರುವುದಿಲ್ಲ. ಸೆಕೆಂಡಿಗೆ 50 ಅಥವಾ 60 ಬಾರಿ ಚಿತ್ರ ಬದಲಿಸುವ ಪರದೆಗೆ ನೂರು, ಇನ್ನೂರು ಎಂಬ ಚಲನೆಯ ಅಂಕಿಗಳನ್ನು ಹಚ್ಚುವ ಕ್ರಮ ಪಿಎಂಪಿಒ ವಾಟ್‌ಗಳ ನೇರ ಸಂತಾನ.

ಒಂದೇ ಮಾದರಿ ಸಂಖ್ಯೆಯ ಎರಡು ಟಿವಿಗಳಲ್ಲಿಯೂ ಒಂದೇ ಪರದೆ ಇರುತ್ತದೆಂಬ ಖಾತ್ರಿಯಿಲ್ಲ. ಕಂಪನಿಗಳು ಆಯಾ ತಿಂಗಳಲ್ಲಿ ಯಾರಿಂದ ಪರದೆ ಸಿಗುತ್ತದೋ ಅದನ್ನು ಹಾಕುತ್ತವೆ; ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಬಗೆಯದು ಒಂದರಲ್ಲಿ, ಕಪ್ಪನ್ನು ಗಾಢವಾಗಿ ತೋರಿಸುವ ವಿಎ ಬಗೆಯದು ಇನ್ನೊಂದರಲ್ಲಿ ಇರಬಹುದು. ಈ ವ್ಯತ್ಯಾಸವನ್ನು ಕಂಪನಿ ತನಗಾಗಿ ದಾಖಲಿಸಿಕೊಳ್ಳುವುದು ಚೀಟಿಯಲ್ಲಿ ಮಾದರಿ ಸಂಖ್ಯೆಯಿಂದ ಪ್ರತ್ಯೇಕವಾಗಿ ಸಣ್ಣಕ್ಷರದಲ್ಲಿ ಮುದ್ರಿಸಿದ ವರ್ಷನ್ ಸಂಕೇತದಲ್ಲಿ. ರಿಪೇರಿ ಅಂಗಡಿಗಳು ಇದನ್ನು ಬಹಳ ಹಿಂದೆಯೇ ಅರಿತಿವೆ. ಬೋರ್ಡ್ ಬೇಕೆಂದಾಗ ಅವು ಟಿವಿಯ ಹೆಸರಿಗಿಂತ ಪ್ಯಾನೆಲ್ ನಂಬರನ್ನೂ ಮದರ್‌ಬೋರ್ಡಿನ ಮೇಲೆ ಅಚ್ಚಾದ ಸಂಖ್ಯೆಯನ್ನೂ ಮೊದಲು ಕೇಳುತ್ತವೆ. ಟ್ಯೂಬಿನ ಸಂಖ್ಯೆಯನ್ನು ನೆಚ್ಚುತ್ತಿದ್ದ ಹಿಂದಿನ ಮೆಕ್ಯಾನಿಕ್‌ನ ಪದ್ಧತಿಯೇ ಇದು.

ಆದ್ದರಿಂದ ಅಗ್ಗದ ಟಿವಿಯನ್ನು ಕೊಳ್ಳುವವರು ಜಾಹೀರಾತಿನಲ್ಲಿನ ಹೆಸರನ್ನು ಬದಿಗಿಟ್ಟು, ಡಬ್ಬಿಯ ಮೇಲೆ, ಟಿವಿಯ ಬೆನ್ನಿನ ಚೀಟಿಯಲ್ಲಿ ಮತ್ತು ಬಿಲ್ಲಿನಲ್ಲಿ ಇರುವ ಸಂಖ್ಯೆಗಳನ್ನು ಕೊನೆಯ ಅಕ್ಷರದವರೆಗೆ ಒಂದಕ್ಕೊಂದು ತಾಳೆ ನೋಡಬೇಕು. ಅಂಗಡಿಯವನು ಬಿಲ್ಲಿನಲ್ಲಿ 32 ಇಂಚಿನ ಎಲ್‌ಇಡಿ ಎಂದಷ್ಟೇ ಬರೆದುಕೊಟ್ಟರೆ ಪೂರ್ತಿ ಸಂಖ್ಯೆಯನ್ನೂ ಸೀರಿಯಲ್ ನಂಬರನ್ನೂ ಬರೆಸಿಕೊಂಡ ನಂತರವೇ ಹಣ ಕೊಡಬೇಕು.